ಕರ್ನಲ್ ಪ್ರತಿ ಸಲವೂ ಒಂದೇ ರೀತಿ ಬೀಳುತ್ತಿದ್ದರೆ ಯಾವ ದಾರಿ ಹಿಡಿಯಬೇಕು?

ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್ ಕಿತ್ತೆ. ಮೂರು ನಾಲ್ಕು ಸೆಕೆಂಡು ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ ಪರದೆ ಇದ್ದಲ್ಲೇ ನಿಂತಿತು, ಕ್ಯಾಪ್ಸ್ ಲಾಕ್ ದೀಪ ಮಿನುಗತೊಡಗಿತು. ಲಿನಕ್ಸ್ ಬಳಸುವವರಿಗೆ ಆ ಮಿನುಗಿನ ಅರ್ಥ ಗೊತ್ತು: ಕರ್ನಲ್ ಪ್ಯಾನಿಕ್, ಎಂದರೆ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ ಮುಂದುವರಿಯಲಾರದೆ ನಿಂತುಬಿಡುವುದು. ಇದನ್ನೇ ಇಲ್ಲಿ ‘ಬೀಳುವುದು’ ಎನ್ನುತ್ತಿದ್ದೇನೆ. ಮತ್ತೆ ಬೂಟ್ ಮಾಡಿದೆ, ದೊಡ್ಡ ಫೈಲೊಂದು ಇಳಿಯುತ್ತಿರುವಾಗಲೇ ಮತ್ತೆ ಕಿತ್ತೆ. ಮತ್ತೆ ಬಿತ್ತು. ಮೂರನೆಯ ಸಲವೂ ಬಿದ್ದಾಗ ನನಗೆ ನಿಜಕ್ಕೂ ಸಮಾಧಾನವಾಯಿತು.

ತಿಂಗಳಿಗೊಮ್ಮೆ, ಹೇಳದೆ ಕೇಳದೆ ಬೀಳುವ ಕರ್ನಲ್‌ನ ಬೆನ್ನು ಹತ್ತಿ ವಾರಗಟ್ಟಲೆ ಕಳೆದವರಿಗೆ ಈ ಸಮಾಧಾನ ಅರ್ಥವಾಗುತ್ತದೆ. ಕರೆದಾಗಲೆಲ್ಲ ಬರುವ ದೋಷ ಅರ್ಧ ಸಿಕ್ಕಿಬಿದ್ದಂತೆಯೇ. ಇನ್ನರ್ಧಕ್ಕೆ ಮಾತ್ರ ದಾರಿಗಳು ಹಲವು: ಸೀರಿಯಲ್ ಕನ್ಸೋಲ್, ಕೆಡಂಪ್, ಗಿಟ್ ಬೈಸೆಕ್ಟ್, ಕೇಸ್ಯಾನ್, ಡಿಬಗರ್ (ಒಂದೊಂದರ ವಿಷಯವೂ ಮುಂದೆ ಬರುತ್ತದೆ). ಒಂದೊಂದಕ್ಕೂ ಅದನ್ನೇ ನೆಚ್ಚಿಕೊಂಡ ಜನರಿದ್ದಾರೆ. ಹೊಸಬರು ಸಾಮಾನ್ಯವಾಗಿ ತಮಗೆ ಮೊದಲು ಪರಿಚಯವಾದ ಸಾಧನವನ್ನೇ ಹಿಡಿದು ಹೊರಡುತ್ತಾರೆ, ನಾನೂ ಹಾಗೆಯೇ ಹೊರಟಿದ್ದೆ. ಈಗ ನಾನು ಯಾವ ದಾರಿಯನ್ನಾದರೂ ಎರಡು ಮಾತು ಕೇಳಿ ಅಳೆಯುತ್ತೇನೆ. ಇದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ? ಒಂದು ಸುತ್ತಿಗೆ ಎಷ್ಟು ನಿಮಿಷ ಹಿಡಿಯುತ್ತದೆ?

ಪ್ರಶ್ನೆಗಳು ಮೂರು ಬಗೆ. ಎಲ್ಲಿ ಬಿತ್ತು? ಕೆಡಿಸಿದ್ದು ಯಾರು? ಎಂದಿನಿಂದ ಹೀಗಾಗುತ್ತಿದೆ? ಮೂರೂ ಬೇರೆ ಬೇರೆ ಪ್ರಶ್ನೆಗಳು, ಮೂರಕ್ಕೂ ಉತ್ತರ ಕೊಡುವ ಒಂದೇ ಸಾಧನವಿಲ್ಲ. ಸುತ್ತು ಎಂದರೆ ಒಂದು ಬೀಳುವಿಕೆಯಿಂದ ಮುಂದಿನ ಬೀಳುವಿಕೆಯವರೆಗಿನ ಸಮಯ: ಬದಲಾಯಿಸು, ಬೂಟ್ ಮಾಡು, ಬೀಳಿಸು, ಓದು. ಸುತ್ತು ಹತ್ತು ನಿಮಿಷದ್ದಾದರೆ ಸಂಜೆಯೊಂದರಲ್ಲಿ ಇಪ್ಪತ್ತು ಊಹೆಗಳನ್ನು ಪರೀಕ್ಷಿಸುವುದೇ ಕಷ್ಟ. ಒಂದು ನಿಮಿಷದ್ದಾದರೆ ನೂರು ಪರೀಕ್ಷಿಸಬಹುದು.

ಸಾಧನ ಆರಿಸುವ ಮೊದಲು ಸುತ್ತನ್ನು ಚಿಕ್ಕದು ಮಾಡಿ

ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಸುತ್ತಿಗೆ ನಾಲ್ಕು ನಿಮಿಷ ಹೋಗುತ್ತಿತ್ತು. ಡಿಸ್ಕ್ ಪರಿಶೀಲನೆ, ಲಾಗಿನ್, ಫೈಲ್ ಇಳಿಸಲು ಶುರು, ಕೈಯಿಂದ ಕೀಳುವುದು. ಅದೇ ಅಡಾಪ್ಟರನ್ನು ಕ್ಯೂಇಎಂಯು ಎಂಬ ತಂತ್ರಾಂಶದ ವರ್ಚುವಲ್ ಯಂತ್ರಕ್ಕೆ (ಕಂಪ್ಯೂಟರಿನೊಳಗೆ ಓಡುವ ಕಂಪ್ಯೂಟರ್) ಕೊಟ್ಟು, ಅದರ ‘ಮಾನಿಟರ್’ ಎಂಬ ಆಜ್ಞೆಯ ಕಿಟಕಿಯಿಂದಲೇ ಸಾಧನವನ್ನು ತೆಗೆದುಹಾಕುವಂತೆ ಮಾಡಿದಾಗ ಅಲ್ಲಿಯೂ ಬಿತ್ತು. ಸುತ್ತು 40 ಸೆಕೆಂಡಿಗೆ ಇಳಿಯಿತು. ಈ ಒಂದು ಕೆಲಸಕ್ಕೆ ಅರ್ಧ ದಿನ ಹೋಯಿತು, ಆದರೆ ಮುಂದೆ ಉಳಿದ ಸಮಯವೆಲ್ಲ ಇದರಿಂದಲೇ ಉಳಿದದ್ದು.

ವರ್ಚುವಲ್ ಯಂತ್ರದಲ್ಲಿ ಆಗದಿದ್ದರೆ ಇನ್ನೊಂದು ಉಪಾಯವಿದೆ. ಯುಎಸ್‌ಬಿ ಸಾಧನಕ್ಕೆ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಸಾಧನಗಳ ಮಾಹಿತಿಯನ್ನು ಕಡತಗಳಾಗಿ ತೋರಿಸುವ ಜಾಗ) ‘ಆಥರೈಸ್ಡ್’ ಎಂಬ ಕಡತವಿರುತ್ತದೆ. ಅದರಲ್ಲಿ 0 ಬರೆದರೆ ಕಿತ್ತಾಗ ನಡೆಯುವ ಡ್ರೈವರ್ (ಸಾಧನವನ್ನು ನಡೆಸುವ ಕೋಡ್) ಕೆಲಸವೇ ಬಹುಪಾಲು ನಡೆಯುತ್ತದೆ. ಆದರೆ ಕೈಯಿಂದ ಕೀಳುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಕಿತ್ತಾಗ ಅರ್ಧದಲ್ಲಿದ್ದ ಸಂದೇಶಗಳು ದೋಷದೊಂದಿಗೆ ಮರಳುತ್ತವೆ, ಇಲ್ಲಿ ಹಾಗಾಗದಿರಬಹುದು. ಅದೇ ಜಾಗದಲ್ಲಿ ಬೀಳುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳದೆ ಇದನ್ನು ನೆಚ್ಚಬೇಡಿ.

ಹತ್ತು ಸಲ ಬೀಳಿಸಿ, ಎಷ್ಟು ಸಲ ಬಿತ್ತು ಎಂದು ಬರೆದಿಡಿ. ಈ ಅಂಕಿ ಮುಂದೆ ಬೇಕೇ ಬೇಕು. ಹತ್ತಕ್ಕೆ ಏಳು ಸಲ ಬೀಳುವ ದೋಷ ಒಂದು ಪರೀಕ್ಷೆಯಲ್ಲಿ ಬೀಳದೆ ಉಳಿಯುವ ಸಾಧ್ಯತೆ ನೂರಕ್ಕೆ 30. ಮೂರು ಸಲ ಪರೀಕ್ಷಿಸಿದರೂ ತಪ್ಪಿಸಿಕೊಳ್ಳುವ ಸಾಧ್ಯತೆ ನೂರಕ್ಕೆ ಸುಮಾರು 2.7. ಕಡಿಮೆ ಎನ್ನಿಸಬಹುದು. ಆದರೆ ಬೈಸೆಕ್ಟ್‌ನ ಹಾದಿಯಲ್ಲಿ (ಹಳೆಯ, ಹೊಸ ಕರ್ನಲ್‌ಗಳ ನಡುವಿನ ಬದಲಾವಣೆಗಳನ್ನು ಅರ್ಧ ಅರ್ಧ ಕತ್ತರಿಸುತ್ತ ದೋಷ ತಂದದ್ದನ್ನು ಹುಡುಕುವುದು) ಏಳು ಕೆಟ್ಟ ಕರ್ನಲ್‌ಗಳು ಎದುರಾದರೆ, ಅವುಗಳಲ್ಲಿ ಒಂದಾದರೂ ‘ಒಳ್ಳೆಯದು’ ಎಂಬ ಸುಳ್ಳು ಮುದ್ರೆ ಪಡೆಯುವ ಸಾಧ್ಯತೆ ಆರರಲ್ಲಿ ಒಂದರಷ್ಟಾಗುತ್ತದೆ. ಐದು ಸಲ ಪರೀಕ್ಷಿಸಿದರೆ ಅದು ನೂರಕ್ಕೆ ಎರಡರೊಳಗೆ ಬರುತ್ತದೆ. ಒಂದೇ ಒಂದು ಸುಳ್ಳು ಮುದ್ರೆ ಸಾಕು, ಅಲ್ಲಿಂದ ಮುಂದಿನ ದುಡಿಮೆಯೆಲ್ಲ ವ್ಯರ್ಥ.

ಬೀಳುವ ಜಾಗ ಪ್ರತಿ ಸಲ ಬೇರೆ ಬೇರೆಯಾಗಿದ್ದರೆ ಮೊದಲು ರ‍್ಯಾಮ್ ಮೇಲೆ ಸಂಶಯ ಪಡಿ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ಒಂದು ರಾತ್ರಿ ಓಡಲು ಬಿಡಿ, ಲಾಗ್‌ನಲ್ಲಿ ಹಾರ್ಡ್‌ವೇರ್ ದೋಷ ಹೇಳುವ ಮಷೀನ್ ಚೆಕ್ ಸಾಲುಗಳಿವೆಯೇ ನೋಡಿ. ಒಂದೇ ಕೆಲಸಕ್ಕೆ ಒಂದೇ ಜಾಗದಲ್ಲಿ ಬೀಳುತ್ತಿದ್ದರೆ ಅದು ಹೆಚ್ಚುಕಡಿಮೆ ಸಾಫ್ಟ್‌ವೇರ್‌ನದ್ದೇ.

ಬಿದ್ದದ್ದನ್ನು ಹಿಡಿಯುವುದು: ಐದು ಬಲೆಗಳು

ಸಾಯುವ ಕರ್ನಲ್ ತಾನು ಎಲ್ಲಿ ಬಿದ್ದೆ ಎಂದು ಹೇಳಿಯೇ ಸಾಯುತ್ತದೆ. ಆ ಮಾತು ಡಿಸ್ಕ್‌ನ ಲಾಗ್‌ಗೆ ತಲುಪುವಷ್ಟರಲ್ಲಿ ಯಂತ್ರ ನಿಂತುಹೋಗಿರುತ್ತದೆ, ಅದೇ ಕಷ್ಟ.

ಪರದೆಯ ಫೋಟೊ ತೆಗೆಯುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ದುರ್ಬಲ. ಗ್ರಾಫಿಕ್ ಡೆಸ್ಕ್‌ಟಾಪ್‌ನಲ್ಲಿ ಹೆಚ್ಚಾಗಿ ಏನೂ ಕಾಣುವುದೇ ಇಲ್ಲ. ಪಠ್ಯದ ಪರದೆಯಲ್ಲಾದರೆ ಮೊದಲ ಸಾಲುಗಳು ಮೇಲೆ ಸರಿದು ಹೋಗಿರುತ್ತವೆ, ನಮಗೆ ಬೇಕಾದದ್ದು ಆ ಮೊದಲ ಸಾಲುಗಳೇ. 2024ರಲ್ಲಿ ಬಂದ 6.10ನೆಯ ಆವೃತ್ತಿಯಿಂದ ಡಿಆರ್‌ಎಂ ಪ್ಯಾನಿಕ್ ಎಂಬ ಸೌಲಭ್ಯವಿದೆ, ಗ್ರಾಫಿಕ್ ಪರದೆಯ ಮೇಲೂ ಅದು ಪ್ಯಾನಿಕ್ ಸಂದೇಶ ಮೂಡಿಸುತ್ತದೆ. 6.12ರಲ್ಲಿ ಲಾಗನ್ನು ಕ್ಯೂಆರ್ ಕೋಡ್ ಆಗಿ ತೋರಿಸುವುದೂ ಸೇರಿತು. ನಿಮ್ಮ ಡಿಸ್ಟ್ರೋ (ಉಬುಂಟುವಿನಂತಹ ಲಿನಕ್ಸ್ ವಿತರಣೆ) ಅದನ್ನು ತೆರೆದಿಟ್ಟಿದ್ದರೆ ಫೋಟೊ ತೆಗೆಯುವುದಕ್ಕೂ ಅರ್ಥವಿದೆ.

ಸೀರಿಯಲ್ ಕನ್ಸೋಲ್, ಎಂದರೆ ಕರ್ನಲ್‌ನ ಸಂದೇಶಗಳನ್ನು ಸೀರಿಯಲ್ ಪೋರ್ಟಿನ ಮೂಲಕ ಇನ್ನೊಂದು ಯಂತ್ರಕ್ಕೆ ಕಳಿಸುವುದು, ಹಳೆಯದು, ಆದರೆ ಇವತ್ತಿಗೂ ನಾನು ಅತಿ ಹೆಚ್ಚು ನಂಬುವ ಬಲೆ ಅದೇ. ಕರ್ನಲ್‌ನ ಬೇರೆಲ್ಲ ಭಾಗ ಕೆಟ್ಟು ನಿಂತಿದ್ದರೂ ಒಂದೊಂದೇ ಅಕ್ಷರವನ್ನು ಪೋರ್ಟಿಗೆ ನೂಕುವ ಆ ಸರಳ ಕೋಡ್ ನಡೆಯುತ್ತದೆ. 115200 ಬಾಡ್ ವೇಗದಲ್ಲಿ ಸೆಕೆಂಡಿಗೆ ಸುಮಾರು 11,500 ಅಕ್ಷರ ಹೋಗುವುದರಿಂದ, ಒಂದು ಇಡೀ ಊಪ್ಸ್ ಸಂದೇಶ (ಬೀಳುವಾಗ ಕರ್ನಲ್ ಬರೆಯುವ ದೋಷ ವರದಿ) ಅರ್ಧ ಸೆಕೆಂಡಿನೊಳಗೆ ಆಚೆ ಬಂದಿರುತ್ತದೆ. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಪೋರ್ಟ್ ಇಲ್ಲ. ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಎಷ್ಟೋ ಸಲ ಪಿನ್‌ಗಳು ಮಾತ್ರ ಇರುತ್ತವೆ, ಅದಕ್ಕೊಂದು ಬ್ರ್ಯಾಕೆಟ್ ಬೇಕು. ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಬ್ರ್ಯಾಕೆಟ್, ನಲ್ ಮೋಡೆಮ್ ಕೇಬಲ್, ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಎಲ್ಲವನ್ನೂ ಕೇಳಿ ನೋಡಬಹುದು. ಆದರೆ ಆ ಅಡಾಪ್ಟರ್ ಸಂದೇಶ ಓದುವ ಯಂತ್ರದ ಕಡೆ ಇರಲಿ. ಬೀಳುವ ಯಂತ್ರದ ಕಡೆ ಹಾಕಿದರೆ, ಸಾಯುತ್ತಿರುವ ಕರ್ನಲ್ ಇಡೀ ಯುಎಸ್‌ಬಿ ವ್ಯವಸ್ಥೆಯನ್ನು ನಡೆಸಿ ಆ ಮಾತು ಹೊರಡಿಸಬೇಕಾಗುತ್ತದೆ, ಕೊನೆಯ ಸಾಲುಗಳು ಬರುತ್ತವೆಂಬ ಭರವಸೆಯಿಲ್ಲ. ವರ್ಚುವಲ್ ಯಂತ್ರದಲ್ಲಿ ಈ ತಾಪತ್ರಯ ಒಂದೂ ಇಲ್ಲ, ಸೀರಿಯಲ್ ಪೋರ್ಟನ್ನು ನೇರ ಒಂದು ಫೈಲಿಗೆ ತಿರುಗಿಸಿದರೆ ಮುಗಿಯಿತು.

ನೆಟ್‌ಕನ್ಸೋಲ್ ಅದೇ ಮಾತನ್ನು ಯುಡಿಪಿ ಪೊಟ್ಟಣಗಳಾಗಿ ಇನ್ನೊಂದು ಯಂತ್ರಕ್ಕೆ, ಸಾಮಾನ್ಯವಾಗಿ 6666ನೆಯ ಪೋರ್ಟಿಗೆ, ಕಳಿಸುತ್ತದೆ. ಕೋಣೆ ತುಂಬ ಸರ್ವರ್‌ಗಳಿದ್ದಾಗ ಇದಕ್ಕಿಂತ ಅಗ್ಗದ ವ್ಯವಸ್ಥೆ ಇಲ್ಲ. ತಂತಿಯ ನೆಟ್‌ವರ್ಕ್ ಬೇಕು, ವೈಫೈ ಮೇಲೆ ಲೆಕ್ಕ ಇಡಬೇಡಿ. ನನಗೆ ಇದು ಮೊದಲೇ ಬಿಟ್ಟುಹೋಯಿತು: ಆ ಲ್ಯಾಪ್‌ಟಾಪ್‌ಗೆ ಇದ್ದ ಒಂದೇ ತಂತಿಯ ದಾರಿ ಬೀಳಿಸುತ್ತಿದ್ದ ಆ ಅಡಾಪ್ಟರೇ. ಬೀಳುವ ಭಾಗವನ್ನೇ ನೆಚ್ಚಿಕೊಂಡ ಬಲೆ ಪ್ರಯೋಜನಕ್ಕೆ ಬಾರದು, ಆರಿಸುವಾಗ ಇದನ್ನು ಮೊದಲು ನೋಡಬೇಕು. ಡಿಸ್ಕ್ ಡ್ರೈವರ್ ಬೀಳುತ್ತಿದ್ದರೆ ಡಿಸ್ಕಿಗೆ ಬರೆಯುವ ಡಂಪ್‌ನದ್ದೂ ಇದೇ ಕಥೆಯಾಗಬಹುದು.

ಪಿಸ್ಟೋರ್ ಅನ್ನು ಬಹಳ ಮಂದಿ ಮರೆತೇಬಿಡುತ್ತಾರೆ. 2011ರಿಂದ ಕರ್ನಲ್‌ನಲ್ಲಿದೆ. ಬೀಳುವಾಗ ಲಾಗ್‌ನ ಬಾಲವನ್ನು, ಸಾಮಾನ್ಯವಾಗಿ ಕೊನೆಯ 10 ಕಿಲೋಬೈಟಿನಷ್ಟನ್ನು, ಬೋರ್ಡಿನ ಯುಇಎಫ್‌ಐ (ಬೂಟ್ ಮಾಡಿಸುವ ಫರ್ಮ್‌ವೇರ್) ಮೆಮೊರಿಯಲ್ಲಿ ಬರೆದಿಡುತ್ತದೆ. ಮತ್ತೆ ಬೂಟ್ ಆದಾಗ ಸಿಸ್‌ಎಫ್‌ಎಸ್‌ನ ಪಿಸ್ಟೋರ್ ಕೋಶದಲ್ಲಿ ಕಾಣುತ್ತದೆ, ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಇರುವ ಕಡೆ ಅದು ಡಿಸ್ಕಿನ ‘ವಾರ್’ (/var) ಕೋಶದ ಕೆಳಗಿನ ಸಿಸ್ಟಮ್‌ಡಿ ಕೋಶಕ್ಕೆ ತಾನಾಗಿಯೇ ಸಾಗಿರಬಹುದು. ಕೆಲವು ಡಿಸ್ಟ್ರೋಗಳಲ್ಲಿ ಯಾರೂ ಏನೂ ಮಾಡದೆಯೇ ಇದು ನಡೆದಿರುತ್ತದೆ. ಲ್ಯಾಪ್‌ಟಾಪ್ ಬಿದ್ದರೆ ಬೇರೆ ಯಾವ ಕೆಲಸಕ್ಕೂ ಮುನ್ನ ಅಲ್ಲಿ ಇಣುಕಿ ನೋಡಿ. ನನಗೆ ಮೊದಲ ಊಪ್ಸ್ ಸಿಕ್ಕಿದ್ದು ಅಲ್ಲಿಯೇ. ಎಆರ್‌ಎಂ ಬೋರ್ಡ್‌ಗಳಲ್ಲಿ ಇದೇ ಕೆಲಸವನ್ನು ರ‍್ಯಾಮ್‌ನ ಒಂದು ಕಾದಿಟ್ಟ ತುಣುಕಿನಲ್ಲಿ ರ‍್ಯಾಮ್‌ಊಪ್ಸ್ ಮಾಡುತ್ತದೆ, ವಿದ್ಯುತ್ ಪೂರ್ತಿ ಹೋಗದೆ ರೀಬೂಟ್ ಆದರೆ ಮಾತ್ರ.

ಕೆಡಂಪ್ ಇವೆಲ್ಲಕ್ಕಿಂತ ದೊಡ್ಡದು. ಬೂಟ್ ಆಗುವಾಗಲೇ ಒಂದಷ್ಟು ಮೆಮೊರಿ ಮೀಸಲಿಟ್ಟು, ಅಲ್ಲಿ ಎರಡನೆಯ ಕರ್ನಲ್ ಒಂದನ್ನು ಸಿದ್ಧವಾಗಿ ಇಟ್ಟಿರಲಾಗುತ್ತದೆ. ಮೊದಲನೆಯದು ಬಿದ್ದ ಕ್ಷಣ ಎರಡನೆಯದು ಎದ್ದು, ಸತ್ತ ಕರ್ನಲ್‌ನ ಇಡೀ ಮೆಮೊರಿಯನ್ನು ಡಿಸ್ಕಿಗೆ ಬರೆಯುತ್ತದೆ. ಆಮೇಲೆ ‘ಕ್ರ್ಯಾಶ್’ ಎಂಬ ಸಾಧನದಲ್ಲಿ ಆ ವಿಎಂಕೋರ್ (ಬರೆದಿಟ್ಟ ಮೆಮೊರಿಯ ಫೈಲ್) ತೆರೆದು ಯಾವ ಪ್ರಕ್ರಿಯೆ ಎಲ್ಲಿತ್ತು, ಯಾವ ವಿಳಾಸ ಯಾವ ಸ್ಲ್ಯಾಬ್‌ಗೆ (ಕರ್ನಲ್ ಹಂಚುವ ಮೆಮೊರಿಯ ಗುಂಪು) ಸೇರಿತ್ತು, ಯಾವ ಬೀಗ (ಲಾಕ್) ಯಾರ ಕೈಯಲ್ಲಿತ್ತು ಎಂದು ಎಷ್ಟು ಹೊತ್ತು ಬೇಕಾದರೂ ಕೂತು ನೋಡಬಹುದು. ಸರ್ವರ್‌ಗೆ ನನ್ನ ಆಯ್ಕೆ ಇದೇ, ಏಕೆಂದರೆ ಅಲ್ಲಿ ಎರಡನೆಯ ಸಲ ಬೀಳಿಸಿ ನೋಡಲು ಯಾರೂ ಒಪ್ಪುವುದಿಲ್ಲ. ಬೇಕೆಂದಾಗ ಬೀಳಿಸಬಲ್ಲ ದೋಷಕ್ಕೆ ಮಾತ್ರ ಇದು ಎಷ್ಟೋ ಸಲ ಅಗತ್ಯಕ್ಕಿಂತ ಭಾರ.

ಕೆಡಂಪ್ ಬೇಕೆಂದರೆ ಮೂರು ಎಚ್ಚರ. ಊಪ್ಸ್ ಆದ ಕೂಡಲೇ ಪ್ಯಾನಿಕ್ ಆಗುವಂತೆ ‘ಪ್ಯಾನಿಕ್ ಆನ್ ಊಪ್ಸ್’ ಎಂಬ ಕರ್ನಲ್ ಆಯ್ಕೆಯನ್ನು 1 ಮಾಡಿ, ಇಲ್ಲವಾದರೆ ಆ ಪ್ರಕ್ರಿಯೆ ಮಾತ್ರ ಸತ್ತು ಕರ್ನಲ್ ಕುಂಟುತ್ತ ಮುಂದೆ ನಡೆಯಬಹುದು. ಅದೇ ಆವೃತ್ತಿಯ, ಅದೇ ಬಿಲ್ಡ್‌ನ ಡಿಬಗ್ ಮಾಹಿತಿಯ ಪ್ಯಾಕೇಜ್ ಮೊದಲೇ ಇಳಿಸಿಟ್ಟುಕೊಳ್ಳಿ. ಮತ್ತು ಕರ್ನಲ್‌ಗೆ ತುರ್ತು ಆಜ್ಞೆ ಕೊಡುವ ಸಿಸ್‌ರಿಕ್ವೆಸ್ಟ್ ಟ್ರಿಗರ್ ಕಡತಕ್ಕೆ ‘ಸಿ’ ಬರೆದು ಒಮ್ಮೆ ಬೇಕೆಂದೇ ಬೀಳಿಸಿ, ಡಂಪ್ ನಿಜಕ್ಕೂ ಬರುತ್ತದೆಯೇ ನೋಡಿ. ಹಾಗೆ ನೋಡದೆ ಬಿಟ್ಟು, ಬೇಕಾದ ದಿನ ಡಂಪ್ ಬರೆಯಲು ಜಾಗ ಸಾಲದೆ ಹೋದದ್ದನ್ನು ಕಂಡಿದ್ದೇನೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು? ಇನ್ನೊಂದು ಮಾತು: ಆ ವಿಎಂಕೋರ್‌ನಲ್ಲಿ ಪಾಸ್‌ವರ್ಡ್‌ಗಳು, ಗೂಢಲಿಪಿಯ ಕೀಲಿಗಳು, ಗ್ರಾಹಕರ ಮಾಹಿತಿ ಎಲ್ಲ ಇದ್ದಿರಬಹುದು. ಸಹಾಯ ಕೇಳುವ ಆತುರದಲ್ಲಿ ಅದನ್ನು ಎಲ್ಲರಿಗೂ ಕಾಣುವ ಕಡೆ ಏರಿಸಬೇಡಿ.

ಸತ್ತ ಜಾಗವೇ ಕೊಂದವನ ಮನೆಯಲ್ಲ

ಊಪ್ಸ್ ಸಿಕ್ಕ ಮೇಲೆ ಅದನ್ನು ಓದುವುದು ಎಲ್ಲ ದಾರಿಗಳಿಗಿಂತ ಅಗ್ಗ, ಒಂದು ಸುತ್ತೂ ಬೇಡ. ಕರ್ನಲ್ ಮೂಲದ ಜೊತೆಗೇ ಬರುವ ಡಿಕೋಡ್ ಸ್ಟ್ಯಾಕ್‌ಟ್ರೇಸ್ ಎಂಬ ಸ್ಕ್ರಿಪ್ಟ್ ವಿಳಾಸಗಳನ್ನು ಫೈಲ್ ಮತ್ತು ಸಾಲಿನ ಸಂಖ್ಯೆಯಾಗಿ ಬದಲಿಸಿ ಕೊಡುತ್ತದೆ. ಪ್ರಶ್ನಾರ್ಥಕ ಚಿಹ್ನೆ ಇರುವ ಸಾಲುಗಳನ್ನು ಪಕ್ಕಕ್ಕಿಡಿ, ಅವು ಸ್ಟ್ಯಾಕ್‌ನಲ್ಲಿ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಸರಪಳಿ) ಉಳಿದ ಹಳೆಯ ಕಸವಾಗಿರಬಹುದು. ‘ಟೇಂಟೆಡ್’ (ಕರ್ನಲ್ ಶುದ್ಧವಾಗಿ ಉಳಿದಿಲ್ಲ ಎಂಬ ಗುರುತು) ಎಂಬುದರ ಮುಂದೆ ‘ಡಿ’ ಇದ್ದರೆ ಇದಕ್ಕೂ ಮುಂಚೆ ಒಂದು ಊಪ್ಸ್ ಆಗಿದೆ ಎಂದರ್ಥ, ಅದನ್ನು ಹುಡುಕಿ. ನೀವು ಓದುತ್ತಿರುವುದು ಅದರ ಪರಿಣಾಮ ಮಾತ್ರ ಇರಬಹುದು.

ವಿಳಾಸಗಳೇ ಎಷ್ಟೋ ಹೇಳುತ್ತವೆ. 0000000000000010 ಎಂಬಂತಹ ಸಣ್ಣ ವಿಳಾಸವಿದ್ದರೆ, ನಲ್ ಪಾಯಿಂಟರ್ (ಎಲ್ಲಿಗೂ ತೋರಿಸದ ವಿಳಾಸ) ಹಿಡಿದು ಒಂದು ಸ್ಟ್ರಕ್ಚರ್‌ನ (ಒಟ್ಟಿಗೆ ಇಟ್ಟ ಮಾಹಿತಿಯ ಕಟ್ಟು) 16ನೆಯ ಬೈಟಿನಲ್ಲಿರುವ ಅಂಗವನ್ನು ಯಾರೋ ಕೇಳಿದ್ದಾರೆ. 6ಬಿ6ಬಿ6ಬಿ ಎಂದು ಸಾಲಾಗಿ ಕಂಡರೆ, ಮುಕ್ತಗೊಳಿಸಿದ ಮೆಮೊರಿಗೆ ಸ್ಲ್ಯಾಬ್ ಡಿಬಗ್ ಎಂಬ ತಪಾಸಣೆ ಬಳಿದ ‘ವಿಷ’, ಎಂದರೆ ಗುರುತಿನ ಬೆಲೆ, ಅದು. ‘ಡೆಡ್’ ಎಂದು ಶುರುವಾಗಿ 100 ಅಥವಾ 122 ಎಂದು ಮುಗಿಯುವ ವಿಳಾಸ ಕಂಡರೆ, ಪಟ್ಟಿಯಿಂದ ಆಗಲೇ ತೆಗೆದ ಒಂದು ಕೊಂಡಿಯನ್ನು ಮತ್ತೆ ಹಿಡಿದಿದ್ದಾರೆ.

ನನಗೆ ಸಿಕ್ಕ ಊಪ್ಸ್‌ನಲ್ಲಿ ನೆಟ್‌ವರ್ಕ್ ಡ್ರೈವರ್‌ನ ಹೆಸರೇ ಇರಲಿಲ್ಲ. ಇದ್ದದ್ದೆಲ್ಲ ಕರ್ನಲ್‌ನ ಟೈಮರ್ ಕೋಡ್, ಸಾಫ್ಟ್ಐಆರ್‌ಕ್ಯೂ (ಟೈಮರ್‌ನಂತಹ ಕೆಲಸಗಳನ್ನು ಓಡಿಸುವ ಭಾಗ), ಅಷ್ಟೇ. ಟೈಮರ್ ಕೋಡನ್ನು ಜಗತ್ತಿನ ಪ್ರತಿಯೊಂದು ಲಿನಕ್ಸ್ ಯಂತ್ರವೂ ಕ್ಷಣಕ್ಷಣ ಓಡಿಸುತ್ತಿದೆ. ತಪ್ಪು ಅಲ್ಲಿದೆ ಎಂದು ಹೊರಟರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಇದರ ಅತಿ ದೊಡ್ಡ ಪಾಠ 2008ರಲ್ಲಿ ಸಿಕ್ಕಿತ್ತು. 2.6.27ರ ಪರೀಕ್ಷಾ ಆವೃತ್ತಿಗಳನ್ನು ಓಡಿಸಿದವರ ಇಂಟೆಲ್ ನೆಟ್‌ವರ್ಕ್ ಕಾರ್ಡ್‌ಗಳ ಒಳಗಿನ ಎನ್‌ವಿರ‍್ಯಾಮ್ (ವಿದ್ಯುತ್ ಹೋದರೂ ಉಳಿಯುವ ಮೆಮೊರಿ) ಹಾಳಾಗತೊಡಗಿತು. ಎಲ್ಲರ ಬೆರಳೂ ಆ ಕಾರ್ಡ್‌ಗಳನ್ನು ನಡೆಸುವ ಇ1000ಇ ಡ್ರೈವರ್ ಕಡೆ. ಕೊನೆಗೆ ತಿಳಿದದ್ದು: ತಪ್ಪು ಎಫ್‌ಟ್ರೇಸ್‌ನದ್ದು, ಎಂದರೆ ಕರ್ನಲ್‌ನ ಫಂಕ್ಷನ್‌ಗಳ ಜಾಡು ಹಿಡಿಯುವ ಸೌಲಭ್ಯದ್ದು. ಓಡುತ್ತಿರುವ ಕೋಡನ್ನು ತಿದ್ದಲು ಅದು ಬರೆದಿಟ್ಟುಕೊಂಡ ವಿಳಾಸಗಳಲ್ಲಿ ಕೆಲವು ಆ ವೇಳೆಗೆ ಬಿಡುಗಡೆಯಾಗಿ, ಕಾರ್ಡಿನ ಮೆಮೊರಿಗೆ ಜೋಡಣೆಯಾಗಿದ್ದವು. 2.6.27.1ರಲ್ಲಿ ಆ ಸೌಲಭ್ಯವನ್ನೇ ಮುಚ್ಚಬೇಕಾಯಿತು. ಪೆಟ್ಟು ತಿಂದ ಡ್ರೈವರನ್ನು ಎಷ್ಟು ಸಲ ಓದಿದರೂ ಅಲ್ಲಿ ಉತ್ತರ ಇರಲಿಲ್ಲ.

ಬೈಸೆಕ್ಟೋ ಕೇಸ್ಯಾನೋ?

ಹೆಚ್ಚಿನವರು ತಡವರಿಸುವುದು ಇಲ್ಲಿ. ಬೈಸೆಕ್ಟ್ ‘ಎಂದಿನಿಂದ’ ಎಂಬುದಕ್ಕೆ ಉತ್ತರ ಕೊಡುತ್ತದೆ. ಕೇಸ್ಯಾನ್, ಎಂದರೆ ಕರ್ನಲ್ ಅಡ್ರೆಸ್ ಸ್ಯಾನಿಟೈಸರ್, ‘ಕೆಡಿಸಿದ್ದು ಯಾರು’ ಎಂಬುದಕ್ಕೆ.

ಬೈಸೆಕ್ಟ್‌ನ ದೊಡ್ಡ ಗುಣವೆಂದರೆ ಅದಕ್ಕೆ ಕರ್ನಲ್ ಅರ್ಥವಾಗಿರಬೇಕಿಲ್ಲ. ತಾಳ್ಮೆ ಬೇಕು, ಬೀಳದ ಒಂದು ಹಳೆಯ ಕರ್ನಲ್ ಬೇಕು. ಒಂದು ಆವೃತ್ತಿಯಿಂದ ಮುಂದಿನದಕ್ಕೆ ಹದಿಮೂರು ಹದಿನಾಲ್ಕು ಸಾವಿರ ಕಮಿಟ್‌ಗಳಿದ್ದರೆ (ಕೋಡಿನ ಇತಿಹಾಸ ಕಾಯುವ ಗಿಟ್‌ನಲ್ಲಿ ದಾಖಲಾದ ಒಂದೊಂದು ಬದಲಾವಣೆ), ಪ್ರತಿ ಸಲ ಅರ್ಧ ಕತ್ತರಿಸುತ್ತ ಹೋಗಿ 14 ಸುತ್ತಿನಲ್ಲಿ ಒಂದೇ ಕಮಿಟ್‌ಗೆ ಬಂದು ನಿಲ್ಲುತ್ತೇವೆ. ಐದು ಆವೃತ್ತಿಗಳ ಅಂತರವಿದ್ದು 70 ಸಾವಿರವಾದರೂ 17 ಸುತ್ತು, ಬರೀ ಮೂರು ಹೆಚ್ಚು. ಹಳೆಯ ಒಳ್ಳೆಯ ಕರ್ನಲ್ ತೀರಾ ಹಳೆಯದೆಂದು ಹಿಂಜರಿಯಬೇಕಾಗಿಲ್ಲ.

ಬೆಲೆ ಇರುವುದು ಕಂಪೈಲ್‌ನಲ್ಲಿ, ಎಂದರೆ ಮೂಲ ಕೋಡಿನಿಂದ ಕರ್ನಲ್ ಕಟ್ಟುವುದರಲ್ಲಿ. ಡಿಸ್ಟ್ರೋದ ಕಾನ್ಫಿಗ್ (ಯಾವ ಭಾಗಗಳು ಬೇಕೆಂಬ ಪಟ್ಟಿ) ಸಾವಿರಾರು ಮಾಡ್ಯೂಲ್ (ಬೇಕಾದಾಗ ಲೋಡ್ ಆಗುವ ಭಾಗ) ಕಟ್ಟುತ್ತದೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಅದಕ್ಕೆ ಗಂಟೆಗೂ ಮೀರಿ ಹಿಡಿಯಿತು. ‘ಲೋಕಲ್‌ಮಾಡ್‌ಕಾನ್ಫಿಗ್’ ಬಳಸಿದರೆ ಈಗ ಲೋಡ್ ಆಗಿರುವ ಮಾಡ್ಯೂಲ್‌ಗಳು ಮಾತ್ರ ಉಳಿಯುತ್ತವೆ, ಹತ್ತು ನಿಮಿಷದಲ್ಲಿ ಮುಗಿಯಿತು. ಒಂದು ಕಿವಿಮಾತು: ಅದನ್ನು ಓಡಿಸುವಾಗ ಬೀಳಿಸುವ ಸಾಧನ ಸಿಕ್ಕಿಸಿಯೇ ಇರಬೇಕು. ಇಲ್ಲವಾದರೆ ಅದರ ಡ್ರೈವರೇ ಹೊರಗುಳಿದು, ಕಟ್ಟಿದ ಕರ್ನಲ್‌ಗಳೆಲ್ಲ ‘ಒಳ್ಳೆಯವು’ ಎಂದು ಕಾಣುತ್ತವೆ. ಮೊದಲ ದಿನ ನಾನು ಕಳೆದುಕೊಂಡ ಮೂರು ಗಂಟೆ ಹೀಗೆಯೇ ಹೋದದ್ದು.

ಕಂಪೈಲ್‌ಗೆ ಇಳಿಯುವ ಮೊದಲು ಸಿದ್ಧ ಪ್ಯಾಕೇಜ್‌ಗಳಿಂದಲೇ ಎಷ್ಟಾಗುತ್ತದೋ ಅಷ್ಟು ಕತ್ತರಿಸಿ. ಡಿಸ್ಟ್ರೋದ ಹಳೆಯ ಕರ್ನಲ್‌ಗಳು, ಉಬುಂಟು ಇಟ್ಟಿರುವ ಮೇನ್‌ಲೈನ್ (ಡಿಸ್ಟ್ರೋ ತಿದ್ದದ ಮೂಲ ಕರ್ನಲ್) ಬಿಲ್ಡ್‌ಗಳು ಇವುಗಳಲ್ಲಿ ನಾಲ್ಕೈದು ಹಾಕಿ ನೋಡಿದರೆ ಯಾವ ಎರಡು ಆವೃತ್ತಿಗಳ ನಡುವೆ ಎಂಬುದು ಒಂದು ಸಂಜೆಯಲ್ಲಿ ತಿಳಿಯುತ್ತದೆ. ಅತಿ ಹೊಸ ಮೇನ್‌ಲೈನನ್ನೂ ಹಾಕಿ ನೋಡಿ. ಅಲ್ಲಿ ಬೀಳದಿದ್ದರೆ ಯಾರೋ ಆಗಲೇ ಸರಿಪಡಿಸಿದ್ದಾರೆ, ನಿಮಗೆ ಬೇಕಾದದ್ದು ಆ ತಿದ್ದುಪಡಿ ಮಾತ್ರ.

ವರ್ಚುವಲ್ ಯಂತ್ರದಲ್ಲಿ ಬೀಳಿಸಬಹುದಾದರೆ ಬೈಸೆಕ್ಟನ್ನು ರಾತ್ರಿ ತಾನಾಗಿಯೇ ಓಡಲು ಬಿಡಬಹುದು. ‘ಗಿಟ್ ಬೈಸೆಕ್ಟ್ ರನ್’ಗೆ ಒಂದು ಸ್ಕ್ರಿಪ್ಟ್ ಕೊಡಿ: ಕಂಪೈಲ್ ಮಾಡು, ಬೂಟ್ ಮಾಡು, ಐದು ಸಲ ಸಾಧನ ತೆಗೆ, ಸೀರಿಯಲ್ ಫೈಲಿನಲ್ಲಿ ಊಪ್ಸ್ ಹುಡುಕು. ಸಿಕ್ಕದಿದ್ದರೆ 0, ಸಿಕ್ಕರೆ 1, ಕಂಪೈಲೇ ಆಗದಿದ್ದರೆ 125 ಮರಳಿಸಬೇಕು. 125 ಎಂದರೆ ‘ಇದನ್ನು ಬಿಟ್ಟು ಪಕ್ಕದ್ದನ್ನು ನೋಡು’ ಎಂದು ಗಿಟ್‌ಗೆ ಅರ್ಥವಾಗುತ್ತದೆ. ಬೂಟೇ ಆಗದ ಕರ್ನಲ್‌ಗೂ 125 ಕೊಡಿ, 1 ಅಲ್ಲ. ಬೇರೆ ದೋಷದಿಂದ ಬಿದ್ದ ಕರ್ನಲ್‌ಗೆ ಕೆಟ್ಟದೆಂಬ ಮುದ್ರೆ ಒತ್ತಿದರೆ ಹುಡುಕಾಟ ಆ ಬೇರೆ ದೋಷದ ಕಡೆಗೆ ತಿರುಗಿಬಿಡುತ್ತದೆ.

ಬೈಸೆಕ್ಟ್ ಸುಳ್ಳು ಹೇಳುವುದೂ ಉಂಟು. ಮೆಮೊರಿಯ ಜೋಡಣೆಯನ್ನೋ ಸಮಯದ ಲಯವನ್ನೋ ಸ್ವಲ್ಪ ಬದಲಿಸಿದ ಒಂದು ನಿರಪರಾಧಿ ಕಮಿಟ್, ಹತ್ತು ವರ್ಷದಿಂದ ಮಲಗಿದ್ದ ದೋಷವನ್ನು ಎಬ್ಬಿಸಿರಬಹುದು. ಅದಕ್ಕೇ ಕೊನೆಯಲ್ಲಿ ಆ ಒಂದು ಕಮಿಟನ್ನು ಹೊಸ ಕರ್ನಲ್‌ನ ಮೇಲೆ ಹಿಂತೆಗೆದು, ಬೀಳುವುದು ನಿಲ್ಲುತ್ತದೆಯೇ ನೋಡಲೇಬೇಕು. ನಿಂತರೂ ಆ ಕಮಿಟ್‌ಗೂ ಬಿದ್ದದ್ದಕ್ಕೂ ಸಂಬಂಧವೇನು ಎಂದು ಹೇಳಲು ಆಗದಿದ್ದರೆ ಕೇಸ್ಯಾನ್ ಕಡೆ ತಿರುಗಿ.

ಕೇಸ್ಯಾನ್‌ಗೆ ಒಂದೇ ಒಂದು ಕಂಪೈಲ್ ಸಾಕು. 2015ರ 4.0 ಆವೃತ್ತಿಯಿಂದ ಇದೆ. ಮೆಮೊರಿಯ ಪ್ರತಿ 8 ಬೈಟಿಗೆ 1 ಬೈಟಿನಷ್ಟು ನೆರಳು ಲೆಕ್ಕ ಇಟ್ಟುಕೊಂಡು, ಕರ್ನಲ್ ಮಾಡುವ ಪ್ರತಿ ಓದು ಬರಹವನ್ನೂ ತಾಳೆ ನೋಡುತ್ತದೆ. ಎಂಟರಲ್ಲಿ ಒಂದು ಪಾಲು ಮೆಮೊರಿ ಹೋಗುತ್ತದೆ, ವೇಗ ಅರ್ಧಕ್ಕೋ ಮೂರನೆಯ ಒಂದಕ್ಕೋ ಇಳಿಯಬಹುದು. ಪ್ರತಿಫಲವಾಗಿ ಸಿಗುವುದು ಮೂರು ಸ್ಟ್ಯಾಕ್: ತಪ್ಪಾಗಿ ಮುಟ್ಟಿದ್ದು ಯಾರು, ಆ ಮೆಮೊರಿಯನ್ನು ಪಡೆದದ್ದು ಯಾರು, ಬಿಟ್ಟುಕೊಟ್ಟದ್ದು ಯಾರು. ನನ್ನ ಟೈಮರ್ ಒಗಟು ಬಿಡಿಸಿದ್ದು ಮೂರನೆಯದು. ಅದರಲ್ಲಿ ಡ್ರೈವರ್‌ನ ಡಿಸ್ಕನೆಕ್ಟ್ ಫಂಕ್ಷನ್ ನಿಂತಿತ್ತು. ಸಾಧನ ಕಿತ್ತಾಗ ಡ್ರೈವರ್ ತನ್ನ ಸ್ಟ್ರಕ್ಚರನ್ನು ಬಿಟ್ಟುಕೊಟ್ಟಿತ್ತು, ಅದರೊಳಗೇ ಇದ್ದ ಅಂಕಿಅಂಶದ ಟೈಮರನ್ನು ನಿಲ್ಲಿಸದೆ. ಕೆಲ ಸೆಕೆಂಡುಗಳ ನಂತರ ಟೈಮರ್ ಕೋಡ್ ತನ್ನ ಪಟ್ಟಿಯಂತೆ ಅಲ್ಲಿಗೆ ಹೋದಾಗ ಅದು ಬೇರೆಯವರ ಜಾಗವಾಗಿತ್ತು.

ಕೇಸ್ಯಾನ್‌ಗೂ ಮಿತಿಯಿದೆ. ಹಾರ್ಡ್‌ವೇರ್ ಡಿಎಂಎ ಮೂಲಕ, ಸಿಪಿಯುವನ್ನು ದಾಟಿ, ಮೆಮೊರಿಗೆ ನೇರ ಬರೆದದ್ದು ಅದಕ್ಕೆ ಕಾಣದು. ಬದುಕಿರುವ ವಸ್ತುವಿನೊಳಗೇ ತಪ್ಪು ಬೆಲೆ ಬರೆದರೂ ಕಾಣದು. ವೇಗ ಇಳಿದದ್ದರಿಂದ ಯಾರು ಮೊದಲು ಮುಟ್ಟುತ್ತಾರೆ ಎಂಬುದರ ಮೇಲೆ ನಿಂತ ಕೆಲವು ಪೈಪೋಟಿಯ ದೋಷಗಳು ಮಾಯವಾಗುತ್ತವೆ. ಎರಡು ಸಿಪಿಯುಗಳ ನಡುವಿನ ಪೈಪೋಟಿಗೆ ಕೆಸಿಸ್ಯಾನ್, ಬೀಗಗಳ ಗೊಂದಲಕ್ಕೆ ಲಾಕ್‌ಡೆಪ್ ಇವೆ. ಯಂತ್ರ ಬೀಳದೆ ಸುಮ್ಮನೆ ನಿಂತುಹೋಗುತ್ತಿದ್ದರೆ ಕೇಸ್ಯಾನ್ ಬಿಟ್ಟು ಲಾಕ್‌ಡೆಪ್‌ನಿಂದ ಶುರು ಮಾಡಿ.

ಇವೆರಡಕ್ಕೂ ಮೊದಲು, ಏನೂ ಕಂಪೈಲ್ ಮಾಡದೆ ಹಾಕಬಹುದಾದ ಒಂದು ಹೆಜ್ಜೆಯಿದೆ. ಬೂಟ್ ಸಾಲಿನಲ್ಲಿ (ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳು) ಸ್ಲಬ್ ಡಿಬಗ್ ಆಯ್ಕೆಯನ್ನು, ಮೇಲೆ ಸ್ಲ್ಯಾಬ್ ಡಿಬಗ್ ಎಂದದ್ದು ಇದೇ, ಎಫ್, ಝಡ್, ಪಿ, ಯು ಅಕ್ಷರಗಳೊಂದಿಗೆ ಕೊಡುವುದು. ಹೆಚ್ಚಿನ ಡಿಸ್ಟ್ರೋ ಕರ್ನಲ್‌ಗಳಲ್ಲಿ ಇದು ಆಗಲೇ ಒಳಗಿರುತ್ತದೆ. ಬಿಟ್ಟುಕೊಟ್ಟ ಮೆಮೊರಿಗೆ 6ಬಿ ಬಳಿಯುತ್ತದೆ, ಸುತ್ತ ಬೇಲಿ ಹಾಕುತ್ತದೆ, ಯಾರು ಪಡೆದರು ಯಾರು ಬಿಟ್ಟರು ಎಂದು ಬರೆದಿಡುತ್ತದೆ. ಮುಟ್ಟಿದ ಕ್ಷಣದಲ್ಲೇ ಹಿಡಿಯುವ ಶಕ್ತಿ ಇದಕ್ಕಿಲ್ಲ. ಆದರೂ ಒಂದು ರೀಬೂಟ್ ಖರ್ಚಿನಲ್ಲಿ, ಅರ್ಥವಾಗದ ಊಪ್ಸ್ ಅನ್ನು ‘ಸತ್ತ ಮೆಮೊರಿಯನ್ನು ಯಾರೋ ಮುಟ್ಟುತ್ತಿದ್ದಾರೆ’ ಎಂಬ ಖಚಿತ ಮಾತಾಗಿ ಬದಲಿಸುತ್ತದೆ. ಇದನ್ನು ನೋಡಿಯೇ ನಾನು ಕೇಸ್ಯಾನ್‌ಗೆ ಸಮಯ ಕೊಡಲು ನಿರ್ಧರಿಸಿದ್ದು. ಟೈಮರ್ ಮೇಲೇ ಸಂಶಯವಿದ್ದರೆ ಡಿಬಗ್ ಆಬ್ಜೆಕ್ಟ್ಸ್ ಎಂಬ ಕಾನ್ಫಿಗ್ ಇನ್ನೂ ನೇರ: ಓಡುತ್ತಿರುವ ಟೈಮರ್ ಇರುವ ಮೆಮೊರಿಯನ್ನು ಬಿಟ್ಟುಕೊಡುವ ಆ ಕ್ಷಣದಲ್ಲೇ ಅದು ಕೂಗಿಕೊಳ್ಳುತ್ತದೆ.

2021ರಲ್ಲಿ 5.12ಕ್ಕೆ ಬಂದ ಕೆಫೆನ್ಸ್ ಬಗ್ಗೆ ಕೇಳುವವರಿದ್ದಾರೆ. ಸಾವಿರ ಸರ್ವರ್‌ಗಳಲ್ಲಿ ದಿನವಿಡೀ ಓಡಲು ಅದು ಒಳ್ಳೆಯದು, ಭಾರ ಕಡಿಮೆ. ಆದರೆ ಅದು ಆಗೊಂದು ಈಗೊಂದು ವಸ್ತುವನ್ನು ಮಾತ್ರ ಆರಿಸಿ ಕಾವಲಿಡುತ್ತದೆ. ಕೈಯಲ್ಲೇ ಬೀಳಿಸಬಲ್ಲ ದೋಷವಿರುವಾಗ ಕೇಸ್ಯಾನ್ ಬಿಟ್ಟು ಅದನ್ನು ಆರಿಸಲು ಕಾರಣ ಕಾಣೆ.

ಡಿಬಗರ್, ಪ್ರಿಂಟ್‌ಕೆ, ಎಫ್‌ಟ್ರೇಸ್

ಕರ್ನಲ್‌ನ ಡಿಬಗರ್ ಆದ ಕೆಜಿಡಿಬಿಯನ್ನು ನಿಜವಾದ ಯಂತ್ರದಲ್ಲಿ ಜೋಡಿಸುವುದು ಶ್ರಮದ ಕೆಲಸ. ಕ್ಯೂಇಎಂಯು ಇದ್ದರೆ ಅದರೊಳಗೆ ಜಿಡಿಬಿ ಎಂಬ ಡಿಬಗರ್‌ಗಿರುವ ಬಾಗಿಲು, 1234ನೆಯ ಪೋರ್ಟ್, ಬಳಸಿ. ವಿಳಾಸಗಳು ಬೂಟ್‌ನಿಂದ ಬೂಟ್‌ಗೆ ಬದಲಾಗದಂತೆ ಬೂಟ್ ಸಾಲಿನಲ್ಲಿ ‘ನೋಕೆಎಎಸ್‌ಎಲ್‌ಆರ್’ ಕೊಡುವುದನ್ನು ಮರೆಯಬೇಡಿ. ಪ್ರತಿ ಸಲ ಒಂದೇ ವಿಳಾಸ ಕೆಡುತ್ತಿದ್ದರೆ ಡಿಬಗರ್‌ಗೆ ಸಮನಾದದ್ದು ಬೇರೊಂದಿಲ್ಲ, ಅಲ್ಲಿ ವಾಚ್‌ಪಾಯಿಂಟ್ ಇಟ್ಟು ಬರೆಯುವವರನ್ನು ಕೈಹಿಡಿದೇ ನಿಲ್ಲಿಸಬಹುದು. ಎಕ್ಸ್86 ಪ್ರೊಸೆಸರ್‌ನಲ್ಲಿ ಅಂಥವು ನಾಲ್ಕು ಮಾತ್ರ. ಉಳಿದ ಸಂದರ್ಭಗಳಲ್ಲಿ ನಾನು ಡಿಬಗರ್‌ಗೆ ಕೊನೆಗೆ ಹೋಗುತ್ತೇನೆ. ಕೋಡಿನಿಂದ ಲಾಗ್‌ಗೆ ಸಂದೇಶ ಬರೆಸುವ ಪ್ರಿಂಟ್‌ಕೆ ಹಾಕುವುದಾದರೆ ಅದು ಸೀರಿಯಲ್‌ನಲ್ಲಿ ನಿಧಾನ, ಸಮಯ ಬದಲಾಗಿ ದೋಷವೇ ಅಡಗಬಹುದು. ಟ್ರೇಸ್ ಪ್ರಿಂಟ್‌ಕೆ ಮೆಮೊರಿಗೆ ಬರೆಯುತ್ತದೆ, ‘ಎಫ್‌ಟ್ರೇಸ್ ಡಂಪ್ ಆನ್ ಊಪ್ಸ್’ ಕೊಟ್ಟರೆ ಬೀಳುವಾಗ ಎಲ್ಲ ಒಟ್ಟಿಗೆ ಸುರಿಯುತ್ತದೆ.

ನಿಮ್ಮ ಪರಿಸ್ಥಿತಿಗೆ ಯಾವುದು?

ನವೀಕರಣದ ಮರುದಿನದಿಂದ ಬೀಳುತ್ತಿದ್ದರೆ ಪಿಸ್ಟೋರ್ ನೋಡಿ, ಆಮೇಲೆ ನೇರ ಬೈಸೆಕ್ಟ್. ಹೊಸದಾಗಿ ಕೊಂಡ, ಯಾವ ಕರ್ನಲ್‌ನಲ್ಲೂ ಸರಿಯಿಲ್ಲದ ಸಾಧನವಾದರೆ ಬೈಸೆಕ್ಟ್‌ಗೆ ಒಳ್ಳೆಯ ತುದಿಯೇ ಇಲ್ಲ, ಸ್ಲಬ್ ಡಿಬಗ್ ಮತ್ತು ಕೇಸ್ಯಾನ್ ಕಡೆಗೇ ಹೋಗಿ. ಕೆಲಸ ನಡೆಯುತ್ತಿರುವ ಸರ್ವರ್ ಆದರೆ ಕೆಡಂಪ್ ತೆಗೆದುಕೊಂಡು, ಬೀಳಿಸುವ ಪ್ರಯೋಗಗಳನ್ನೆಲ್ಲ ಬೇರೆ ಯಂತ್ರದಲ್ಲಿ ಮಾಡಿ. ಕರ್ನಲ್ ಮೂಲದ ಹೊರಗಿನ ಮಾಡ್ಯೂಲ್ ಲೋಡ್ ಆಗಿದ್ದರೆ, ಟೇಂಟ್ ಸಾಲಿನಲ್ಲಿ ‘ಓ’ ಅಥವಾ ‘ಪಿ’ ಕಾಣುತ್ತದೆ. ಮೊದಲು ಅದನ್ನು ತೆಗೆದು ಬೀಳಿಸಿ ನೋಡಿ. ಅದಿಲ್ಲದೆಯೂ ಬೀಳುತ್ತದೆ ಎಂದು ತೋರಿಸದಿದ್ದರೆ ಕರ್ನಲ್‌ನವರು ನಿಮ್ಮ ವರದಿಯನ್ನು ಮುಂದಕ್ಕೆ ಒಯ್ಯುವುದು ಕಷ್ಟ.

ನನ್ನ ಲೆಕ್ಕದಲ್ಲಿ ಕೇಸ್ಯಾನ್‌ಗೆ ಒಂದು ಸಂಜೆ, ಬೈಸೆಕ್ಟ್‌ಗೆ ಒಂದು ಹಗಲು ಮತ್ತು ಒಂದು ರಾತ್ರಿ ಹಿಡಿಯಿತು. ತಪ್ಪು ತಿಳಿದ ಮೇಲೂ ಬೈಸೆಕ್ಟ್ ಮುಗಿಸಿದ್ದಕ್ಕೆ ಕಾರಣವಿದೆ. ಮೊದಲು ನಡೆಯುತ್ತಿದ್ದದ್ದು ಹೊಸ ಕರ್ನಲ್‌ನಲ್ಲಿ ನಿಲ್ಲಬಾರದು ಎಂಬುದು ಲಿನಕ್ಸ್ ಕರ್ನಲ್‌ನ ಬಿಗಿ ನಿಯಮ, ಲಿನಕ್ಸ್ ಹುಟ್ಟಿಸಿದ ಲೀನಸ್ ಟೋರ್ವಾಲ್ಡ್ಸ್ ಅದನ್ನು ಮತ್ತೆ ಮತ್ತೆ ಹೇಳುತ್ತ ಬಂದಿದ್ದಾರೆ. ಕೆಡಿಸಿದ ಕಮಿಟ್‌ನ ಹೆಸರು ಹಿಡಿದು ಹೋದ ವರದಿಗೆ ಆ ನಿಯಮದ ಬಲ ಇರುತ್ತದೆ. ತಿದ್ದುಪಡಿ ಯಾವ ಯಾವ ಹಳೆಯ ಸ್ಥಿರ ಸರಣಿಗಳಿಗೆ ಹೋಗಬೇಕು ಎಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ. ಕೋಡನ್ನು ಓರಣಗೊಳಿಸುವಾಗ ಟೈಮರ್ ನಿಲ್ಲಿಸುವ ಸಾಲೊಂದು ಬಿಟ್ಟುಹೋಗಿತ್ತು, ಅಷ್ಟೇ. ಸರಿಪಡಿಸಿದ್ದೂ ಒಂದೇ ಸಾಲು: ಸ್ಟ್ರಕ್ಚರ್ ಬಿಟ್ಟುಕೊಡುವ ಮುಂಚೆ ಟೈಮರ್ ನಿಲ್ಲಿಸಿ, ಅದು ಎಲ್ಲಾದರೂ ಓಡುತ್ತಿದ್ದರೆ ಮುಗಿಯುವವರೆಗೆ ಕಾಯುವುದು.

ವರದಿ ಯಾರಿಗೆ ಹೋಗಬೇಕೆಂದು ಕರ್ನಲ್ ಮೂಲದಲ್ಲಿರುವ ಗೆಟ್ ಮೇಂಟೇನರ್ ಸ್ಕ್ರಿಪ್ಟ್ ಹೇಳುತ್ತದೆ. ಬೀಳಿಸುವ ಕ್ರಮ, ಹತ್ತಕ್ಕೆ ಎಷ್ಟು ಸಲ, ಡಿಕೋಡ್ ಮಾಡಿದ ಮೊದಲ ಊಪ್ಸ್, ಕಾನ್ಫಿಗ್, ಬೈಸೆಕ್ಟ್ ಲಾಗ್ ಇಷ್ಟೂ ಅದರಲ್ಲಿರಲಿ, ಫೋಟೊ ಆಗಿ ಅಲ್ಲ, ಪಠ್ಯವಾಗಿ. ಕಳಿಸಿದ ಮೇಲೆ ವರ್ಚುವಲ್ ಯಂತ್ರವನ್ನಾಗಲೀ ಸ್ಕ್ರಿಪ್ಟನ್ನಾಗಲೀ ಅಳಿಸಬೇಡಿ. ಕೆಲವು ದಿನಗಳಲ್ಲಿ ‘ಈ ಪ್ಯಾಚ್ ಹಾಕಿ ನೋಡುತ್ತೀರಾ’ ಎಂಬ ಉತ್ತರ ಬರಬಹುದು. ಆ ಸಾಧನ, ಆ ಕಾನ್ಫಿಗ್, ಆ ಸ್ಕ್ರಿಪ್ಟ್ ಮೂರೂ ಇರುವುದು ನಿಮ್ಮ ಹತ್ತಿರ ಮಾತ್ರ.